ಐದು ಕೊರಳಿನ ಕಾಲಜ್ಞಾನಿ

ನಾನು ಸಂಗೀತಗಾರನಲ್ಲ, ಕನ್ನಡ ಪಾಠ ಹೇಳಿಕೊಂಡು ಇಪ್ಪತ್ತು ವರ್ಷ ಕಳೆದವನು. ಸಂಗೀತದ ವಿಷಯದಲ್ಲಿ ನನಗೆ ಏನಾದರೂ ಅಧಿಕಾರವಿದ್ದರೆ ಅದು ಇಷ್ಟೇ: ಸಂಗೀತ ಹೇಳಿಕೊಡುತ್ತಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದು, ಮತ್ತು ಎಷ್ಟು ಕಿವಿ ಹಿಂಡಿಸಿಕೊಂಡರೂ ಸರಳೆ ವರಿಸೆಯನ್ನು ದಾಟಲಾರದೆ ಉಳಿದದ್ದು. ಇಂಥವನು ಅಮೆರಿಕದ ಒಂದು ವಿದ್ಯುತ್ ವಾದ್ಯದ ಚರಿತ್ರೆಯನ್ನು ಬರೆಯಲು ಕುಳಿತಿರುವುದಕ್ಕೆ ಕಾರಣ ನನ್ನ ಅಕ್ಕನ ಮಗ.

ಕಳೆದ ಬೇಸಿಗೆಯ ರಜೆಯಲ್ಲಿ ಅವನು ಮೈಸೂರಿಗೆ ಬಂದಿದ್ದ. ಎಂಜಿನಿಯರಿಂಗ್ ಓದುವ ಹುಡುಗ. ಬಿಡುವು ಸಿಕ್ಕಾಗ ಸಂಗೀತ ಕೂಡಿಸುವ ಹುಚ್ಚು. ಒಂದು ಸಂಜೆ ತನ್ನ ಕಂಪ್ಯೂಟರನ್ನು ತಂದು, ನಾನು ತಿದ್ದದೆ ಉಳಿಸಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, "ಮಾವ, ಇದನ್ನ ಕೇಳಿ" ಎಂದ. ಪರದೆಯ ಮೇಲೆ ಒಂದು ಹಳೆಯ ವಾದ್ಯದ ಚಿತ್ರ. ಎರಡು ಕಡೆಗೂ ಮರದ ಪಕ್ಕೆ, ಕಪ್ಪು ಮುಖ, ಸಾಲುಸಾಲಾಗಿ ತಿರುಗಿಸುವ ಗುಂಡಿಗಳು. ಅವನು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದ. ಕೋಣೆಯ ತುಂಬ ಬೆಚ್ಚಗಿನ ನಾದವೊಂದು ಹರಡಿತು.

"ಇದು ಪ್ರಾಫೆಟ್-೫ ಅಂತ. ೧೯೭೮ರ ಸಿಂಥಸೈಸರ್. ಇಲ್ಲಿರೋದು ಅದರ ನಕಲು ಅಷ್ಟೆ. ಈ ಗುಂಡಿ ನೋಡಿ ಮಾವ, ಇದು ಶ್ರುತಿ ಕೆಡಿಸೋದಕ್ಕೆ."

ಶ್ರುತಿ ಕೆಡಿಸುವುದಕ್ಕೆ! ಶ್ರುತಿಯನ್ನು ತಾಯಿಯೆಂದು ಕರೆದ ನಾಡಿನವನಿಗೆ ಈ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ನಮ್ಮ ಮನೆಯಲ್ಲಂತೂ ಶ್ರುತಿ ಕೂಡಿಸುವುದಕ್ಕೆ ಕಾಲು ಗಂಟೆ, ಹಾಡುವುದಕ್ಕೆ ಮುಕ್ಕಾಲು ಗಂಟೆ ಎಂಬ ಲೆಕ್ಕವಿತ್ತು. ಹಣ ಕೊಟ್ಟು ಶ್ರುತಿ ಕೆಡಿಸಿಕೊಳ್ಳುವವರು ಎಂಥವರು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದ ನನಗೆ ಆ ಯಂತ್ರದ ಕಥೆ ದೊರೆಯಿತು.

ಕಥೆ ಒಂದೇ ಕೊರಳಿನಿಂದ ಆರಂಭವಾಗುತ್ತದೆ. ನ್ಯೂಯಾರ್ಕ್ ಸಂಸ್ಥಾನದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೂಗ್ ಎಂಬಾತ ೧೯೬೪ರಲ್ಲಿ, ಹರ್ಬರ್ಟ್ ಡಾಯ್ಚ್ ಎಂಬ ಸಂಗೀತ ರಚನಕಾರನ ಒಡನಾಟದಲ್ಲಿ, ವಿದ್ಯುತ್ತಿನಿಂದ ನಾದ ಹುಟ್ಟಿಸುವ ತನ್ನ ಯಂತ್ರವನ್ನು ರೂಪಿಸಿದ. ಅದರ ತತ್ತ್ವ ಸರಳವಾದದ್ದು. ಮೊದಲು ಒಂದು ಆಂದೋಲಕ; ಅದು ಕಂಪನವನ್ನು ಹುಟ್ಟಿಸುತ್ತದೆ, ಎಂದರೆ ಹಸಿ ನಾದವನ್ನು ಕೊಡುತ್ತದೆ. ಆಮೇಲೆ ಒಂದು ಜರಡಿ; ಅದು ಆ ನಾದದಲ್ಲಿ ಬೇಡವಾದ ಅಂಶವನ್ನು ಸೋಸಿ ತೆಗೆಯುತ್ತದೆ. ಕೊನೆಗೆ ಒಂದು ವರ್ಧಕ. ನಾದ ಥಟ್ಟನೆ ಏಳಬೇಕೋ ಮೆಲ್ಲನೆ ಏಳಬೇಕೋ, ಎಷ್ಟು ಹೊತ್ತು ನಿಂತು ಹೇಗೆ ಆರಬೇಕೋ ಎಂಬುದನ್ನು ಅದು ನಡೆಸುತ್ತದೆ. ಕೀಲಿಮಣೆಯ ಒಂದೊಂದು ಕೀಲಿಯೂ ಆಂದೋಲಕಕ್ಕೆ ಒಂದೊಂದು ಪ್ರಮಾಣದ ವೋಲ್ಟೇಜನ್ನು ಕಳುಹಿಸುತ್ತದೆ. ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರುತ್ತದೆ.

ತೊಡಕು ಇರುವುದು ಇಲ್ಲಿಯೇ. ಆಂದೋಲಕವನ್ನು ಒಂದು ಹೊತ್ತಿನಲ್ಲಿ ಒಂದೇ ವೋಲ್ಟೇಜು ಆಳಬಲ್ಲುದು. ಎರಡು ಕೀಲಿಗಳನ್ನು ಒತ್ತಿದರೂ ಹೊರಡುವುದು ಒಂದೇ ಸ್ವರ. ನಮ್ಮಲ್ಲಿ ಇದನ್ನು ಯಾರೂ ದೊಡ್ಡ ಕೊರತೆಯೆಂದು ಬಗೆಯುತ್ತಿರಲಿಲ್ಲ. ರಾಗವೆಂಬುದು ಒಂದೇ ಎಳೆಯಲ್ಲಿ ಬೆಳೆಯುವ ಬಳ್ಳಿ. ಆದರೆ ಪಾಶ್ಚಾತ್ಯರ ಸಂಗೀತ ಶತಮಾನಗಳಿಂದ ಹಲವು ಸ್ವರಗಳನ್ನು ಏಕಕಾಲದಲ್ಲಿ ಕೂಡಿಸಿ ಕಟ್ಟಿದ ಕಟ್ಟಡ. ಆರ್ಗನ್, ಪಿಯಾನೊಗಳ ಮೇಲೆ ಹತ್ತು ಬೆರಳುಗಳನ್ನೂ ಆಡಿಸಿ ಬೆಳೆದವನಿಗೆ ಒಂದೇ ಸ್ವರದ ಯಂತ್ರ ಅರ್ಧ ಮೂಕನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಮೂಕತನವನ್ನು ಮೀರುವುದಕ್ಕೆ ಎಂಥ ತಪಸ್ಸು ಬೇಕಾಗಿತ್ತೆಂಬುದಕ್ಕೆ ೧೯೬೮ರಲ್ಲಿ ಹೊರಬಂದ 'ಸ್ವಿಚ್ಡ್-ಆನ್ ಬಾಖ್' ಎಂಬ ಧ್ವನಿಮುದ್ರಿಕೆಯೇ ಸಾಕ್ಷಿ. ವೆಂಡಿ ಕಾರ್ಲೋಸ್ ಎಂಬಾಕೆ ಬಾಖನ ಕೃತಿಗಳನ್ನು ಮೂಗನ ಯಂತ್ರದಲ್ಲಿ ನುಡಿಸಿದಳು. ನುಡಿಸಿದಳು ಎಂದರೆ ಪೂರ್ತಿ ಸರಿಯಲ್ಲ. ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ನುಡಿಸಿ, ಟೇಪಿನ ಮೇಲೆ ಒಂದರ ಪಕ್ಕ ಒಂದನ್ನು ಇರಿಸುತ್ತ ನೆಯ್ದಳು. ಅಷ್ಟರಲ್ಲಿ ಯಂತ್ರದ ಶ್ರುತಿ ಜಾರಿದರೆ ಮತ್ತೆ ಮೊದಲಿನಿಂದ. ಕೇಳಿದ ಜನ ಬೆರಗಾದರು. ಆ ಮುದ್ರಿಕೆಗೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಆದರೆ ಸಭೆಯಲ್ಲಿ ಕುಳಿತು ಅದನ್ನೇ ಒಬ್ಬರು ನುಡಿಸುವುದು ಸಾಧ್ಯವಿರಲಿಲ್ಲ. ಎರಡು ವರ್ಷದ ಬಳಿಕ ಬಂದ, ಹೆಗಲಿಗೆ ಹಗುರವಾದ 'ಮಿನಿಮೂಗ್' ಕೂಡ ಒಂಟಿ ಕೊರಳಿನದೇ.

ಹಲವು ಸ್ವರಗಳ ವಿದ್ಯುತ್ ವಾದ್ಯ ಅದಕ್ಕೆ ಮೊದಲು ಇರಲೇ ಇಲ್ಲವೆಂದಲ್ಲ. ೧೯೩೯ರಲ್ಲಿಯೇ ಹ್ಯಾಮಂಡ್ ಸಂಸ್ಥೆ 'ನೊವಾಕಾರ್ಡ್' ಎಂಬುದನ್ನು ಮಾಡಿತ್ತು. ಅದರ ೭೨ ಕೀಲಿಗಳನ್ನೂ ಒಟ್ಟಿಗೆ ಒತ್ತಿದರೆ ೭೨ ಸ್ವರಗಳೂ ನುಡಿಯುತ್ತಿದ್ದವು. ಆದರೆ ಅದರ ಒಡಲಲ್ಲಿ ೧೬೦ಕ್ಕೂ ಹೆಚ್ಚು ನಿರ್ವಾತ ಕೊಳವೆಗಳು. ತೂಕ ಇನ್ನೂರು ಕಿಲೋ ಮೀರಿದ್ದು. ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಅದರ ತಯಾರಿಕೆ ನಿಂತುಹೋಯಿತು.

೧೯೭೦ರ ದಶಕದಲ್ಲಿ ಪ್ರಯತ್ನಗಳು ಮತ್ತೆ ಚಿಗುರಿದವು. ಇ-ಮ್ಯು ಎಂಬ ಸಂಸ್ಥೆಯ ಡೇವ್ ರೋಸಮ್ ಮತ್ತು ಸ್ಕಾಟ್ ವೆಜ್ ಎಂಬವರು, ಯಾವ ಕೀಲಿಗಳು ಒತ್ತಲ್ಪಟ್ಟಿವೆಯೆಂದು ಕ್ಷಣಕ್ಷಣಕ್ಕೂ ನೋಡಿ ಅವನ್ನು ಬಿಡುವಾಗಿರುವ ಕಂಠಗಳಿಗೆ ಹಂಚುವ ಉಪಾಯವನ್ನು ಕಂಡುಹಿಡಿದರು. ಅದನ್ನು ಬಳಸಿಕೊಂಡು ಟಾಮ್ ಓಬರ್‌ಹೈಮ್ ೧೯೭೫ರಲ್ಲಿ ನಾಲ್ಕು ಕಂಠಗಳ ಯಂತ್ರವನ್ನು ಮಾಡಿದ. ನಾಲ್ಕು ಪ್ರತ್ಯೇಕ ಸಿಂಥಸೈಸರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿಟ್ಟಂತೆ ಅದು. ಒಂದು ಬಣ್ಣದ ನಾದ ಬೇಕಾದರೆ ನಾಲ್ಕರ ಗುಂಡಿಗಳನ್ನೂ ಬೇರೆಬೇರೆಯಾಗಿ ತಿರುಗಿಸಿ ಹೊಂದಿಸಬೇಕು. ಜಪಾನಿನ ಯಮಾಹ ಸಂಸ್ಥೆ ಎಂಟು ಕಂಠಗಳ ಸಿಎಸ್-೮೦ ಎಂಬುದನ್ನು ತಂದಿತು. ಬೆರಳಿನ ಒತ್ತಡ ಹೆಚ್ಚಿದರೆ ಆ ಬೆರಳಿನ ಸ್ವರ ಮಾತ್ರವೇ ಅರಳುವಂಥ ಸೂಕ್ಷ್ಮ ಅದರಲ್ಲಿತ್ತು. ೧೯೮೨ರ 'ಬ್ಲೇಡ್ ರನ್ನರ್' ಚಿತ್ರದಲ್ಲಿ ಗ್ರೀಸಿನ ವಾಂಗೆಲಿಸ್ ನುಡಿಸಿದ್ದು ಅದನ್ನೇ. ಸುಮಾರು ನೂರು ಕಿಲೋ ತೂಕದ ಆ ವಾದ್ಯವನ್ನು ಸಾಗಿಸುವುದು ಮಾತ್ರ ಮದುವೆ ಮನೆಯ ಕಡಾಯಿಯನ್ನು ಸಾಗಿಸಿದಂತೆ.

ಈ ಘಟ್ಟದಲ್ಲಿ ನಮ್ಮ ಕಥಾನಾಯಕ ಬರುತ್ತಾನೆ. ಡೇವ್ ಸ್ಮಿತ್ ಎಂಬಾತ ಕ್ಯಾಲಿಫೋರ್ನಿಯದವನು. ಬರ್ಕ್ಲಿಯಲ್ಲಿ ಓದಿ, ವಿಮಾನ ಮತ್ತು ಅಂತರಿಕ್ಷ ಉದ್ಯಮದಲ್ಲಿ ಎಂಜಿನಿಯರಾಗಿದ್ದವನು. ೧೯೭೨ರಲ್ಲಿ ಒಂದು ಮಿನಿಮೂಗನ್ನು ಕೊಂಡ. ಅದರ ಜೊತೆಗೆ ಬೇಕಾದ ಉಪಕರಣಗಳನ್ನು ತಾನೇ ಮಾಡಿಕೊಳ್ಳುತ್ತ, 'ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್' ಎಂಬ ಪುಟ್ಟ ಉದ್ಯಮವನ್ನು ಆರಂಭಿಸಿದ. ಆಗತಾನೇ ಎರಡು ಹೊಸ ಪದಾರ್ಥಗಳು ಪೇಟೆಗೆ ಬಂದಿದ್ದವು: ಆಂದೋಲಕವನ್ನೂ ಜರಡಿಯನ್ನೂ ಉಗುರಿನಷ್ಟು ಜಾಗದಲ್ಲಿ ಅಡಗಿಸಿದ ಚಿಪ್‌ಗಳು ಒಂದು, ಗಣಕಯಂತ್ರದ ಮಿದುಳಿನಂಥ ಮೈಕ್ರೋಪ್ರೊಸೆಸರ್ ಇನ್ನೊಂದು. ಇವೆರಡನ್ನೂ ಕೂಡಿಸಿದರೆ ಹಲವು ಕೊರಳಿನ ವಾದ್ಯವಾಗುತ್ತದೆಂದು ಆತನಿಗೆ ಹೊಳೆಯಿತು. ಇಷ್ಟು ಸ್ಪಷ್ಟವಾದದ್ದು ಮೂಗನಂಥ ದೊಡ್ಡವರಿಗೆ ಹೊಳೆಯದಿರುತ್ತದೆಯೇ, ಅವರು ಮಾಡಿಯೇ ಮಾಡುತ್ತಾರೆಂದು ಕೆಲವು ಕಾಲ ಸುಮ್ಮನಿದ್ದ. ಯಾರೂ ಮಾಡಲಿಲ್ಲ. ೧೯೭೭ರ ಆರಂಭದಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ತಾನೇ ಕುಳಿತ. ಜಾನ್ ಬೋವೆನ್ ಎಂಬಾತ ನೆರವಾದ. ೧೯೭೮ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಯಂತ್ರ ಸಿದ್ಧವಾಗಿ ನಿಂತಿತ್ತು.

ಅದಕ್ಕೆ 'ಪ್ರಾಫೆಟ್' ಎಂದು ಹೆಸರಿಟ್ಟರು. ಬರಲಿರುವ ಕಾಲವನ್ನು ಮೊದಲೇ ನುಡಿಯುವವನನ್ನು ನಮ್ಮ ಹಿಂದಿನವರು ಕಾಲಜ್ಞಾನಿ ಎಂದು ಕರೆದರು. ಕಾಲಜ್ಞಾನದ ವಚನಗಳೆಂಬ ಪ್ರಕಾರವೇ ನಮ್ಮ ಸಾಹಿತ್ಯದಲ್ಲಿದೆ. ಆದ್ದರಿಂದ ಈ ಯಂತ್ರವನ್ನು ನಾನು ಕಾಲಜ್ಞಾನಿಯೆಂದೇ ಕರೆಯುತ್ತೇನೆ. ಮೊದಲು ಅದಕ್ಕೆ ಹತ್ತು ಕಂಠಗಳನ್ನು ಕೊಡುವ ಉದ್ದೇಶವಿತ್ತು; ಹತ್ತನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದಾಗ ಬಿಸಿ ತಡೆಯದಾಯಿತು. ಅರ್ಧ ತೆಗೆದರು, ಐದು ಉಳಿಯಿತು.

ಅದರ ಒಳಗಿನ ವ್ಯವಸ್ಥೆಯನ್ನು ನಾನು ನನ್ನ ಮಟ್ಟಿಗೆ ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಐವರು ಮಾಣಿಗಳಿರುವ ಒಂದು ಹೋಟೆಲು. ಗಲ್ಲದ ಮೇಲೆ ಕುಳಿತ ಯಜಮಾನನೇ ಮೈಕ್ರೋಪ್ರೊಸೆಸರ್. ಝಿಲಾಗ್ ಸಂಸ್ಥೆಯ ಝಡ್-೮೦ ಎಂಬುದು. ೬೧ ಕೀಲಿಗಳಲ್ಲಿ ಯಾವುದನ್ನು ಒತ್ತಿದರೂ ಅದು ಒಬ್ಬ ಗಿರಾಕಿ ಬಂದಂತೆ. ಬಿಡುವಾಗಿರುವ ಮಾಣಿಯನ್ನು ಯಜಮಾನ ಅತ್ತ ಅಟ್ಟುತ್ತಾನೆ. ಆರನೆಯ ಗಿರಾಕಿ ಬಂದರೆ ಐವರಲ್ಲಿ ಒಬ್ಬನು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಓಡಬೇಕು. ಒಬ್ಬೊಬ್ಬ ಮಾಣಿಗೂ ಸ್ವಂತದ್ದೆಂಬ ಎರಡು ಆಂದೋಲಕ, ಒಂದು ಜರಡಿ, ಒಂದು ವರ್ಧಕ. ಐವರೂ ಸ್ವತಂತ್ರರು, ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ಐದು ಕೊರಳಿಗಿಂತ ದೊಡ್ಡ ಪವಾಡ ಇನ್ನೊಂದಿತ್ತು. ಈ ಯಂತ್ರಕ್ಕೆ ಜ್ಞಾಪಕಶಕ್ತಿ ಇತ್ತು. ಅದಕ್ಕೆ ಹಿಂದೆ ಕಲಾವಿದರು ತಮಗೆ ಒಪ್ಪಿಗೆಯಾದ ನಾದವೊಂದು ಸಿಕ್ಕಿದರೆ ಯಾವ ಗುಂಡಿ ಎಷ್ಟು ತಿರುಗಿದೆಯೆಂದು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಮತ್ತೆ ಅದೇ ನಾದ ಬೇಕಾದಾಗ ಕಾಗದ ನೋಡಿಕೊಂಡು ಒಂದೊಂದನ್ನೇ ತಿರುಗಿಸಬೇಕು. ಆಗಲೂ ಬರುವುದು ಅದರ ದಾಯಾದಿಯೇ ಹೊರತು ಅದೇ ಅಲ್ಲ. ಪ್ರಾಫೆಟ್-೫ ಎಲ್ಲ ಗುಂಡಿಗಳ ಸ್ಥಿತಿಯನ್ನೂ ಅಂಕೆಗಳಾಗಿ ಬರೆದಿಟ್ಟುಕೊಳ್ಳುತ್ತಿತ್ತು. ಅಂಥ ೪೦ ನಾದಗಳಿಗೆ ಅದರಲ್ಲಿ ಸ್ಥಳವಿತ್ತು. ಒಂದು ಗುಂಡಿ ಒತ್ತಿದರೆ ಕಂಚಿನ ಕಹಳೆ, ಇನ್ನೊಂದು ಒತ್ತಿದರೆ ತಂತಿವಾದ್ಯಗಳ ಮೇಳ. ಸುಮಾರು ೪,೦೦೦ ಡಾಲರುಗಳ ಬೆಲೆಯಿದ್ದರೂ ಜನ ಮುಗಿಬಿದ್ದರು. ೧೯೮೪ರ ತನಕ ಸುಮಾರು ೬,೦೦೦ ಯಂತ್ರಗಳು ಹೊರಬಂದವು. ರೋಲೆಂಡ್ ಸಂಸ್ಥೆಯ ಎಂಟು ಕಂಠದ ಜೂಪಿಟರ್-೮ ಮೊದಲಾದ ಪ್ರತಿಸ್ಪರ್ಧಿಗಳೂ ಅದರ ಹಿಂದೆಯೇ ಹುಟ್ಟಿಕೊಂಡರು.

ಇನ್ನು ಶ್ರುತಿಯ ವಿಚಾರ. ಈ ಚಿಪ್‌ಗಳಿಗೆ ಬಿಸಿಯೆಂದರೆ ಆಗದು. ಕೋಣೆಯ ಶಾಖ ಏರಿದರೆ ಶ್ರುತಿ ಅಲುಗಾಡುತ್ತದೆ. ಅದೂ ಐವರಲ್ಲಿ ಒಬ್ಬೊಬ್ಬನದು ಒಂದೊಂದು ರೀತಿ. ಮೊದಲ ಕಂತಿನ ಯಂತ್ರಗಳು ಈ ವಿಷಯದಲ್ಲಿ ಬಹಳ ಕಾಡಿದವು. ೧೯೮೦ರಲ್ಲಿ ಚಿಪ್‌ಗಳನ್ನೇ ಬದಲಾಯಿಸಬೇಕಾಯಿತು. 'ಟ್ಯೂನ್' ಎಂಬ ಒಂದು ಗುಂಡಿಯನ್ನೂ ಇಟ್ಟಿದ್ದರು. ಅದನ್ನು ಒತ್ತಿದರೆ ಯಜಮಾನನು ಹತ್ತು ಆಂದೋಲಕಗಳನ್ನೂ ಒಂದೊಂದಾಗಿ ಪರೀಕ್ಷಿಸಿ ತಿದ್ದುತ್ತಿದ್ದ. ಹಳೆಯದೆಲ್ಲ ಚೆನ್ನ ಎನ್ನುವವರು ಇದನ್ನು ಮರೆಯಬಾರದು. ಶ್ರುತಿಯ ಈ ಅಲುಗಾಟವನ್ನು ಯಾರೂ ಸೌಂದರ್ಯಕ್ಕೆಂದು ಇಟ್ಟಿರಲಿಲ್ಲ. ಅದು ಶತ್ರುವಾಗಿತ್ತು, ಅದರೊಡನೆ ಹೋರಾಡಿದರು.

ಕೊನೆಗೆ ಆ ಶತ್ರು ಸೋತ. ೧೯೮೩ರಲ್ಲಿ ಯಮಾಹ ಸಂಸ್ಥೆ ಡಿಎಕ್ಸ್-೭ ಎಂಬುದನ್ನು ಹೊರತಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದ ಗಣಿತದ ಮೇಲೆ ನಿಂತ ವಾದ್ಯ ಅದು, ಆಂದೋಲಕವಿಲ್ಲ, ಜರಡಿಯಿಲ್ಲ, ಬರಿಯ ಅಂಕೆಗಳ ಲೆಕ್ಕ. ಐದರ ಬದಲು ಹದಿನಾರು ಸ್ವರಗಳು. ಬೆಲೆ ೨,೦೦೦ ಡಾಲರಿಗೂ ಒಳಗೆ. ಬೇಸಿಗೆಯಾಗಲಿ ಚಳಿಗಾಲವಾಗಲಿ ಶ್ರುತಿ ಅಲುಗದು. ಹಳೆಯ ಯಂತ್ರಗಳನ್ನು ಜನ ಸಿಕ್ಕ ಬೆಲೆಗೆ ಮಾರಿ ಇದನ್ನು ಕೊಂಡರು.

ಅದೇ ವರ್ಷದ ಜನವರಿಯಲ್ಲಿ ಸ್ಮಿತ್ ಇನ್ನೊಂದು ದೊಡ್ಡ ಕೆಲಸವನ್ನು ಮಾಡಿ ಮುಗಿಸಿದ್ದ. ಒಂದು ಸಂಸ್ಥೆಯ ವಾದ್ಯ ಇನ್ನೊಂದು ಸಂಸ್ಥೆಯ ವಾದ್ಯದೊಡನೆ ಮಾತನಾಡುವಂತೆ ಎಲ್ಲರಿಗೂ ಒಂದೇ ಭಾಷೆ ಇರಬೇಕೆಂದು ಆತ ೧೯೮೧ರಲ್ಲಿಯೇ ಸೂಚಿಸಿದ್ದ. ರೋಲೆಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಅದಕ್ಕೆ ಕೈಗೂಡಿಸಿದ. ೧೯೮೩ರ ಮೇಳದಲ್ಲಿ ಅಮೆರಿಕದ ಪ್ರಾಫೆಟ್-೬೦೦ಕ್ಕೂ ಜಪಾನಿನ ಜೂಪಿಟರ್-೬ಕ್ಕೂ ನಡುವೆ ಒಂದು ತಂತಿ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. 'ಮಿಡಿ' ಎಂದು ಇಂದು ಲೋಕವೆಲ್ಲ ಬಳಸುವ ಭಾಷೆ ಇದೇ. ಅದಕ್ಕೆ ಅವರು ಯಾರಿಂದಲೂ ಶುಲ್ಕ ವಸೂಲು ಮಾಡಲಿಲ್ಲ. ೨೦೧೩ರಲ್ಲಿ ಈ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಆದರೆ ದಾನ ಕೊಟ್ಟವನ ಮನೆಯ ಕಣಜ ಅಷ್ಟರಲ್ಲಿ ಎಂದೋ ಬರಿದಾಗಿತ್ತು. ೧೯೮೭ರಲ್ಲಿಯೇ ಸ್ಮಿತ್ತನ ಸಂಸ್ಥೆ ಬಾಗಿಲು ಮುಚ್ಚಿತು. ಅದನ್ನು ಕೊಂಡದ್ದು ಯಮಾಹ. ಎಲ್ಲರ ಭವಿಷ್ಯವನ್ನು ನುಡಿದ ಕಾಲಜ್ಞಾನಿಗೆ ತನ್ನ ಕಾಲ ತಿಳಿಯಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಪರಿಪೂರ್ಣವಾದದ್ದು ದೊರೆತ ಕೆಲವು ವರ್ಷಗಳಲ್ಲಿ ಕಲಾವಿದರಿಗೆ ಏನೋ ಸಾಲದು ಎನಿಸತೊಡಗಿತು. ಅಟ್ಟ ಸೇರಿದ್ದ ಹಳೆಯ ಪ್ರಾಫೆಟ್ಟುಗಳು ಕೆಳಗಿಳಿದವು; ಅವುಗಳ ಬೆಲೆ ಏರತೊಡಗಿತು. ಸ್ಮಿತ್ ೨೦೦೨ರಲ್ಲಿ ಮತ್ತೆ ಸ್ವಂತ ಸಂಸ್ಥೆ ಕಟ್ಟಿದ. ೨೦೧೫ರಲ್ಲಿ ಯಮಾಹದವರು ಅವನ ಹಳೆಯ ಸಂಸ್ಥೆಯ ಹೆಸರನ್ನು ಅವನಿಗೇ ಹಿಂದಕ್ಕೆ ಕೊಟ್ಟರು. ವ್ಯಾಪಾರದ ಪ್ರಪಂಚದಲ್ಲಿ ಅಪರೂಪವಾದ ಸೌಜನ್ಯ ಇದು. ೨೦೨೦ರಲ್ಲಿ ಪ್ರಾಫೆಟ್-೫ ಮತ್ತೆ ಹುಟ್ಟಿಬಂತು. ಹೊಸದರಲ್ಲಿ ಶ್ರುತಿ ಎಷ್ಟು ಬೇಕಾದರೂ ಸ್ಥಿರವಾಗಿ ನಿಲ್ಲುತ್ತದೆ. ಆದ್ದರಿಂದ ಅದರಲ್ಲಿ 'ವಿಂಟೇಜ್' ಎಂಬ ಹೊಸ ಗುಂಡಿಯೊಂದನ್ನು ಇಟ್ಟರು. ಅದನ್ನು ತಿರುಗಿಸಿದಷ್ಟೂ ಐದು ಕಂಠಗಳು ಹಳೆಯ ಕಾಲದವುಗಳಂತೆ ಒಂದಕ್ಕೊಂದು ಕೊಂಚ ಕೊಂಚ ಬೇರೆಯಾಗುತ್ತವೆ. ನನ್ನ ಅಳಿಯ ತೋರಿಸಿದ್ದು ಇದರ ನಕಲನ್ನೇ. ೨೦೨೨ರ ಮೇ ೧೭ರಂದು ವಾಂಗೆಲಿಸ್ ತೀರಿಕೊಂಡ. ಅದೇ ತಿಂಗಳ ೩೧ರಂದು ಸ್ಮಿತ್ತನೂ ಹೋದ.

ಈ ಯಂತ್ರಗಳ ಗಾಳಿ ನಮ್ಮ ದೇಶಕ್ಕೂ ಬೀಸಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಷ್ಟು ಹಿಂದೆಯೇ ಮೂಗ್ ಯಂತ್ರವೊಂದು ಬಂದು ಕುಳಿತಿತ್ತು. ಗೀತಾ ಸಾರಾಭಾಯಿ ಮೊದಲಾದವರು ಅದರ ಮೇಲೆ ಪ್ರಯೋಗ ನಡೆಸಿದರು. ಮುಂಬಯಿಯ ಚಿತ್ರಸಂಗೀತದ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ ಅವರು ೧೯೮೨ರಲ್ಲಿ ಜೂಪಿಟರ್-೮ರ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಮುದ್ರಿಕೆ ತಂದರು. ಆಗ ಅದನ್ನು ಕೇಳಿದವರು ಕಡಿಮೆ. ೨೦೧೦ರಲ್ಲಿ ಪರದೇಶದವರು ಮರುಮುದ್ರಿಸಿದ ಮೇಲೆ ಅವರ ಹೆಸರು ಲೋಕಕ್ಕೆ ತಿಳಿಯಿತು. ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರದು ಬೇರೆಯ ದಾರಿ. ಎಂಜಿನಿಯರೂ ಕೊಳಲುವಾದಕರೂ ಆದ ಅವರು ವಿದ್ಯುತ್ ಶ್ರುತಿಪೆಟ್ಟಿಗೆ, ವಿದ್ಯುತ್ ತಂಬೂರಿಗಳನ್ನು ರೂಪಿಸಿದರು. ಕರ್ನಾಟಕ ಸಂಗೀತದ ಮನೆಮನೆಗೂ ಅಂಥವು ಬಂದವು.

ನಮ್ಮ ಮನೆಗೂ ಒಂದು ಬಂತು. ಅಮ್ಮನ ಕೈ ನೋಯಲಾರಂಭಿಸಿದ ಮೇಲೆ ತಂಬೂರಿ ಮೀಟುವವರಿರಲಿಲ್ಲ, ಶಿಷ್ಯೆಯರು ಕಡಿಮೆಯಾಗಿದ್ದರು, ನಾನಂತೂ ನಿಷ್ಪ್ರಯೋಜಕ. ಪೆಟ್ಟಿಗೆ ಬಂದಾಗ ಆಕೆಗೆ ಎಷ್ಟು ನೆಮ್ಮದಿಯಾಯಿತೆಂಬುದು ನನಗೆ ನೆನಪಿದೆ. ಅದರಿಂದ ಆಕೆ ಇನ್ನೂ ಹತ್ತು ವರ್ಷ ಹಾಡಿದಳು. ಆದ್ದರಿಂದ ಯಂತ್ರವನ್ನು ಹಳಿಯುವ ಹಕ್ಕು ನನಗಿಲ್ಲ. ತಂಬೂರಿ ಗೌಸು ಹೊದ್ದು ದೇವರ ಕೋಣೆಯ ಮೂಲೆ ಸೇರಿತು.

ಆದರೆ ಆ ತಂಬೂರಿಯನ್ನು ನೆನೆದಾಗಲೇ ನನಗೆ ಈ ಗುಂಡಿಯ ಗುಟ್ಟು ತಿಳಿದದ್ದು. ನಮಗೆ ಒಂದೇ ಕೊರಳು ಸಾಕೆಂದು ಮೇಲೆ ಹೇಳಿದೆನಷ್ಟೆ. ಅದು ಅರ್ಧ ಸತ್ಯ. ಹಾಡುವ ಒಂದು ಕೊರಳಿನ ಹಿಂದೆ ನಾವು ಯಾವಾಗಲೂ ನಾಲ್ಕು ಕೊರಳುಗಳನ್ನು ಕೂರಿಸಿದ್ದೇವೆ. ಅವು ತಂಬೂರಿಯ ನಾಲ್ಕು ತಂತಿಗಳು. ಅವುಗಳಲ್ಲಿ ನಡುವಣ ಎರಡು, ಸಾರಣೆ ಮತ್ತು ಅನುಸಾರಣೆ, ಒಂದೇ ಷಡ್ಜಕ್ಕೆ ಸೇರಿದವು. ಒಂದೇ ಸ್ವರಕ್ಕೆ ಎರಡು ತಂತಿ ಏಕೆ? ಲೆಕ್ಕದವನು ಒಂದನ್ನು ತೆಗೆದುಹಾಕಿಯಾನು. ಆದರೆ ಎರಡೂ ಒಂದೇ ಶ್ರುತಿಯಲ್ಲಿದ್ದೂ ಎರಡೂ ಒಂದೇ ಅಲ್ಲ. ಎರಡರ ಎಳೆತ ಬೇರೆ, ಮೀಟಿದ ಕ್ಷಣ ಬೇರೆ, ಕೆಳಗೆ ಸಿಕ್ಕಿಸಿದ ಜೀವಾಳಿಯ ನೂಲು ತಾಕುವ ಜಾಗ ಬೇರೆ. ನೂಲಿನ ಎಳೆಯೊಂದಕ್ಕೆ ಜೀವದ ಹೆಸರಿಟ್ಟವರು ಸುಮ್ಮನೆ ಇಟ್ಟಿರಲಾರರು.

ಹಳೆಯ ಪ್ರಾಫೆಟ್ಟಿನಲ್ಲಿ ಜನ ಹುಡುಕುತ್ತಿರುವುದು ಕೆಟ್ಟ ಶ್ರುತಿಯನ್ನಲ್ಲ. ಅದರಲ್ಲಿದ್ದ ಐವರು ನಿಜವಾಗಿಯೂ ಐವರಾಗಿದ್ದರು ಎಂಬುದೇ ಅದರ ಸೊಗಸು. ಅಂಕೆಗಳ ವಾದ್ಯದಲ್ಲಿ ಹದಿನಾರು ಸ್ವರಗಳು ಬಂದರೂ ಅವೆಲ್ಲ ಒಂದೇ ಲೆಕ್ಕದ ಹದಿನಾರು ಪ್ರತಿಗಳು. ನಮ್ಮ ಕಾಲೇಜಿನಲ್ಲಿ ಬೆಳಿಗ್ಗೆ ಮುನ್ನೂರು ಹುಡುಗರು ನಾಡಗೀತೆ ಹಾಡುತ್ತಾರೆ. ಒಬ್ಬನದು ಕೊಂಚ ಮೇಲೆ, ಒಬ್ಬಳದು ಕೊಂಚ ಕೆಳಗೆ. ಆದರೂ ಒಟ್ಟಾಗಿ ಕೇಳುವಾಗ ಮೈ ಜುಮ್ಮೆನ್ನುತ್ತದೆ. ಒಬ್ಬನೇ ಹುಡುಗನ ಧ್ವನಿಯನ್ನು ಮುನ್ನೂರು ಸಲ ಕೂಡಿಸಿದರೆ ಶಬ್ದ ದೊಡ್ಡದಾದೀತು, ಮೇಳವಾಗಲಾರದು.

ಈ ಮೀಮಾಂಸೆಯನ್ನೆಲ್ಲ ಮಾಡಿಕೊಂಡ ಮೇಲೆ ನಾನು ಅಳಿಯನನ್ನು ಕರೆದು, ಅಜ್ಜಿಯ ಮುಂದೆ ಅದನ್ನು ನುಡಿಸುವಂತೆ ಹೇಳಿದೆ. ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಕಣ್ಣು ಮಂಜಾದರೂ ಕಿವಿ ಚುರುಕು. ಅವನು ಮೊದಲು ಗುಂಡಿಯನ್ನು ಸೊನ್ನೆಯಲ್ಲಿಟ್ಟು ಸ್ವರಗಳನ್ನು ಹಿಡಿದ. "ಒಬ್ಬನೇ ಐದು ಸಲ ಹಾಡಿದ ಹಾಗಿದೆ" ಎಂದಳು. ಪೂರ್ತಿ ತಿರುಗಿಸಿದ. "ಥೂ, ಯಾರಿಗೂ ಶ್ರುತಿಜ್ಞಾನವೇ ಇಲ್ಲ" ಎಂದಳು. ಮೆಲ್ಲನೆ ಹಿಂದಕ್ಕೆ ತಿರುಗಿಸುತ್ತ ಬಂದ. ಒಂದು ಕಡೆ ಆಕೆ ಕೈಯೆತ್ತಿ, "ಅಲ್ಲೇ ಇರಲಿ ಮಗು" ಎಂದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದಳು.

ಆಮೇಲೆ, "ಆ ತಂಬೂರಿ ಗೌಸು ಬಿಚ್ಚಿ ಯಾರಾದರೂ ನೋಡಿದಿರೇನೋ?" ಎಂದು ಕೇಳಿದಳು.

ಬಿಚ್ಚಿ ನೋಡಿದೆವು. ಎರಡು ತಂತಿ ತುಕ್ಕು ಹಿಡಿದು ಕಡಿದಿದ್ದವು. ಒಂದು ಬಿರಡೆ ಬಿಗಿದು ಕುಳಿತಿತ್ತು. ಹುಡುಗ ಮರುದಿನ ಬೆಳಿಗ್ಗೆಯೇ ಪೇಟೆಗೆ ಹೋಗಿ ತಂತಿ ತಂದ. ಅಜ್ಜಿ ಹೇಳಿದಂತೆ ಜೀವಾಳಿಯ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಅರ್ಧ ಗಂಟೆ ಕುಳಿತ. ರಜೆ ಮುಗಿಯುವವರೆಗೆ ಸಂಜೆ ಅವನೇ ಮೀಟಿದ, ಆಕೆ ಹಾಡಿದಳು. ಪೆಟ್ಟಿಗೆಯೂ ಪಕ್ಕದಲ್ಲಿಯೇ ಇತ್ತು. ಅವನು ಊರಿಗೆ ಹೋದ ಮೇಲೆ ಮತ್ತೆ ಅದೇ ಬೇಕಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.